ಸುದ್ದಿಗೆ ದೇಶವಾರು ಖಾನೆ ಬೇಕೇ?

ಜಗತ್ತಿನ ಪತ್ರಿಕೆ, ರೇಡಿಯೊ, ಸುದ್ದಿತಾಣಗಳ ಸೂಚಿಯೊಂದನ್ನು ಕನ್ನಡ ಓದುಗರಿಗಾಗಿ ಮಾಡಬೇಕು ಎಂದುಕೊಳ್ಳಿ. ಎಲ್ಲ ಸುದ್ದಿಯೂ ಒಂದೇ ದಿಕ್ಕಿನಿಂದ ಬರುವುದನ್ನು ತಪ್ಪಿಸಲು ಅದನ್ನು ದೇಶಕ್ಕೊಂದು ಖಾನೆಯಂತೆ ಜೋಡಿಸಬೇಕೇ? ಸುದ್ದಿಮನೆಯಲ್ಲಿದ್ದವರೊಬ್ಬರು ಹೌದು ಎನ್ನುತ್ತಾರೆ, ಗ್ರಂಥಾಲಯದಲ್ಲಿದ್ದವರೊಬ್ಬರು ಬೇಡ ಎನ್ನುತ್ತಾರೆ.

ಪರ: ಖಾಲಿ ಖಾನೆಯಾದರೂ ಕಣ್ಣಿಗೆ ಬೀಳಲಿ

2023ರ ಏಪ್ರಿಲ್, ಮೂರನೇ ವಾರ. ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡು ನಾಲ್ಕೈದು ದಿನವಾಗಿತ್ತು. ನಾನು ರಾತ್ರಿ ಪಾಳಿಯಲ್ಲಿ ವಿದೇಶ ಪುಟ ನೋಡುತ್ತಿದ್ದೆ. ಹತ್ತು ಗಂಟೆ ಹೊತ್ತಿಗೆ ತಾಲ್ಲೂಕು ವರದಿಗಾರರ ಫೋನು. "ಸಾರ್, ಎಲ್ ಫಾಶರ್ ಅಂತ ಒಂದು ಊರಂತೆ. ನಮ್ಮ ಕಡೆ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕ್ಕೊಂಡಿದಾರೆ. ಮನೆಯವರು ಬಂದು ಕೂತಿದಾರೆ. ಅಲ್ಲಿ ಏನಾಗ್ತಿದೆ ಅಂತ ನಿಮಗೇನಾದ್ರೂ ಬಂದಿದೆಯಾ?"

ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಆ ಜನ ಗಿಡಮೂಲಿಕೆ, ಕೂದಲ ಎಣ್ಣೆ ಮಾರಲು ಅಷ್ಟು ದೂರ ಹೋಗಿದ್ದರು. ನನ್ನ ಮುಂದಿದ್ದ ಪರದೆಯಲ್ಲಿ ಸುಡಾನ್ ಸುದ್ದಿಗೇನೂ ಬರವಿರಲಿಲ್ಲ. ಖಾರ್ಟೂಮ್ ವಿಮಾನ ನಿಲ್ದಾಣ, ರಾಯಭಾರ ಕಚೇರಿಗಳ ಸಿಬ್ಬಂದಿ, ವಾಷಿಂಗ್ಟನ್ ಏನೆಂದಿತು, ಲಂಡನ್ ಏನೆಂದಿತು. ಎಲ್ ಫಾಶರ್ ಎಂದು ಹುಡುಕಿದರೆ ಎರಡೇ ಸಾಲು, ಅದೂ ಹಿನ್ನೆಲೆ ಹೇಳುವ ಕೊನೆಯ ಪ್ಯಾರಾದಲ್ಲಿ. ಕಾಪಿಗಳ ತಲೆಯ ಮೇಲಿದ್ದ ಊರುಗಳೋ ಕೈರೋ, ನೈರೋಬಿ. "ಇನ್ನೂ ಏನೂ ಬಂದಿಲ್ಲಪ್ಪ" ಎಂದು ಫೋನ್ ಇಟ್ಟೆ.

ಎಲ್ ಫಾಶರ್ ಇರುವುದು ಡಾರ್ಫುರ್ ಸೀಮೆಯಲ್ಲಿ. ಆ ಸೀಮೆಯ ಸುದ್ದಿ ಹೇಳಲೆಂದೇ ರೇಡಿಯೊ ದಬಂಗಾ ಎಂಬ ಬಾನುಲಿ 2008ರಿಂದ ನಡೆಯುತ್ತಿದೆ, ಅದರ ವರದಿಗಳು ಇಂಗ್ಲಿಷಿನಲ್ಲೂ ಸಿಗುತ್ತವೆ ಎಂದು ನನಗೆ ಗೊತ್ತಾದದ್ದು ಭಾರತ ಸರ್ಕಾರ ನಡೆಸಿದ ಆಪರೇಷನ್ ಕಾವೇರಿ ಎಂಬ ತೆರವು ಕಾರ್ಯಾಚರಣೆಯಲ್ಲಿ ಆ ಜನ ಊರು ಸೇರಿದ ಮೇಲೆ. ಇಷ್ಟು ವರ್ಷ ವಿದೇಶ ಪುಟ ಮಾಡಿದವನಿಗೆ ಇದು ನಾಚಿಕೆಯ ವಿಷಯವೇ. ಆದರೆ ಗೊತ್ತಾಗುವ ದಾರಿ ಎಲ್ಲಿತ್ತು? ನಮ್ಮ ಡೆಸ್ಕಿನ ಪಕ್ಕದ ಗೋಡೆಗೆ 'ವಿದೇಶಿ ಮೂಲಗಳು' ಎಂಬ ಹಾಳೆ ಅಂಟಿಸಿತ್ತು. ಯಾರೋ ಎಂದೋ ಟೈಪು ಮಾಡಿದ್ದು, ಮೂಲೆಯಲ್ಲಿ ಚಹಾ ಲೋಟದ ಗುರುತು. ನಲವತ್ತು ಹೆಸರುಗಳಲ್ಲಿ ಅಮೆರಿಕ, ಬ್ರಿಟನ್ನಿನವೇ ಇಪ್ಪತ್ತೆಂಟು. 54 ದೇಶಗಳ ಆಫ್ರಿಕಾಕ್ಕೆ ಎರಡು, ಎರಡೂ ದಕ್ಷಿಣ ಆಫ್ರಿಕಾದವು. ಹೆಸರುವಾಸಿಯಾದವನ್ನು ಮೇಲಿನಿಂದ ಕೆಳಕ್ಕೆ ಬರೆಯುತ್ತ ಹೋಗಿದ್ದರು, ಹಾಳೆ ಮುಗಿದಾಗ ನಿಲ್ಲಿಸಿದ್ದರು. ಯಾವ ದೇಶ ಬಿಟ್ಟುಹೋಗಿದೆ ಎಂದು ಹೊಳೆಯುವುದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.

ಇದು ಬರೀ ನಮ್ಮ ಸೋಮಾರಿತನವಲ್ಲ, ಹಳೆಯ ಹೊಲಬು. 1870ರಲ್ಲಿ ಲಂಡನ್ನಿನ ರಾಯಿಟರ್ಸ್, ಪ್ಯಾರಿಸ್ಸಿನ ಹವಾಸ್, ಬರ್ಲಿನ್ನಿನ ವೋಲ್ಫ್ ಎಂಬ ಮೂರು ಸುದ್ದಿಸಂಸ್ಥೆಗಳು ಅಣ್ಣತಮ್ಮಂದಿರು ಹೊಲ ಭಾಗ ಮಾಡಿಕೊಂಡಂತೆ ಜಗತ್ತನ್ನೇ ಹಂಚಿಕೊಂಡವು. ಭಾರತ ರಾಯಿಟರ್ಸ್ ಪಾಲಿಗೆ ಬಿತ್ತು. ಆ ಒಪ್ಪಂದ 1930ರ ದಶಕದಲ್ಲಿ ಮುರಿದುಬಿತ್ತು, ತಂತಿ ಹೋಗಿ ಉಪಗ್ರಹ ಬಂತು, ಸುದ್ದಿ ಹರಿಯುವ ಕಾಲುವೆ ಮಾತ್ರ ಹೆಚ್ಚು ಬದಲಾಗಲಿಲ್ಲ. ಯುನೆಸ್ಕೊ ನೇಮಿಸಿದ ಮ್ಯಾಕ್‌ಬ್ರೈಡ್ ಆಯೋಗ 1980ರಲ್ಲಿ ಇದನ್ನೇ ಎತ್ತಿ ಹೇಳಿತು. ಅದರಲ್ಲಿ ನಮ್ಮ ಪತ್ರಕರ್ತ ಬಿ.ಜಿ. ವರ್ಗೀಸ್ ಕೂಡ ಇದ್ದರು.

ಜೋಡಣೆಯಲ್ಲೇ ಪಕ್ಷಪಾತ ನುಸುಳುತ್ತದೆ ಎಂಬುದಕ್ಕೆ ಅಂತರಜಾಲದ ಹಳೆಯ ಉದಾಹರಣೆಯೊಂದಿದೆ. 1998ರಿಂದ 2017ರವರೆಗೆ ಸ್ವಯಂಸೇವಕರು ನಡೆಸಿದ ಡಿಮೋಜ಼್ ಎಂಬ ದೊಡ್ಡ ತಾಣಸೂಚಿಯಲ್ಲಿ ಕಲೆ, ವಿಜ್ಞಾನ, ಆಟ, ಸುದ್ದಿ ಎಂದು ಮುಖ್ಯ ಖಾನೆಗಳೆಲ್ಲ ಇಂಗ್ಲಿಷಿನವು. ಮಿಕ್ಕ ಭಾಷೆಗಳೆಲ್ಲ 'ವರ್ಲ್ಡ್' ಎಂಬ ಒಂದೇ ಖಾನೆಯೊಳಗೆ. ಮನೆಯವರು ಜಗಲಿಯಲ್ಲಿ, ಜಗತ್ತೆಲ್ಲ ಹಿತ್ತಲಿನಲ್ಲಿ! ಮಾಡಿದವರಿಗೆ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುತ್ತಿಲ್ಲ. ಅವರು ನಿಂತ ಜಾಗದಿಂದ ಹಾಗೆ ಕಂಡಿತು, ಅಷ್ಟೆ.

ಆದ್ದರಿಂದ ನನ್ನ ಬೇಡಿಕೆ ಸರಳ. ವಿಶ್ವಸಂಸ್ಥೆಯಲ್ಲಿ 193 ಸದಸ್ಯ ದೇಶಗಳಿವೆ. ಸೂಚಿಯಲ್ಲೂ 193 ಖಾನೆ ಇರಲಿ. ಒಂದೊಂದರಲ್ಲಿ ಹತ್ತಕ್ಕಿಂತ ಹೆಚ್ಚು ಹೆಸರು ಬೇಡ, ಅಮೆರಿಕಕ್ಕೂ ಹತ್ತೇ. ಸರ್ಕಾರಿ ಸಂಸ್ಥೆಯಾದರೆ ಹೆಸರಿನ ಮುಂದೆ 'ಸ' ಎಂಬ ಗುರುತು. ಪ್ರದೇಶಗಳ ಗೊಡವೆಗೆ ಮಾತ್ರ ಹೋಗಬಾರದು. 'ಮಧ್ಯಪ್ರಾಚ್ಯ' ಎಂದು ಖಾನೆ ಮಾಡಿದಿರೋ, ನೀವು ಲಂಡನ್ನಿನಲ್ಲಿ ನಿಂತು ನೋಡುತ್ತಿದ್ದೀರಿ ಎಂದಾಯಿತು. ಬೆಂಗಳೂರಿನಿಂದ ಅದು ಪಡುವಣ. ದೇಶಗಳನ್ನು ಅಕಾರಾದಿಯಲ್ಲೇ ಇಡಿ. (ಕನ್ನಡದ ಅಕಾರಾದಿಯಲ್ಲೂ ಅಮೆರಿಕ ಮೇಲೇ ಬಂದು ಕೂರುತ್ತದೆ ಎಂಬುದು ಬೇರೆ ಮಾತು. ಅದಕ್ಕೆ ಮುಂಚೆ ಅಂಗೋಲಾ, ಅಫ್ಗಾನಿಸ್ತಾನ ಇರುತ್ತವೆಂಬ ಸಮಾಧಾನವಿದೆ.)

ಹೀಗೆ ಮಾಡಿದರೆ ಎಷ್ಟೋ ಖಾನೆಗಳು ಖಾಲಿ ಉಳಿಯುತ್ತವೆ. ಉಳಿಯಲಿ. ಚಾಡ್ ಎಂಬ ಹೆಸರಿನ ಕೆಳಗೆ ಹತ್ತು ಗೆರೆ ಖಾಲಿ ಕಂಡರೆ ಡೆಸ್ಕಿನ ಯಾವುದಾದರೂ ಹುಡುಗನೋ ಹುಡುಗಿಯೋ ಹುಡುಕಲು ಹೊರಟಾರು. ಹೆಸರೇ ಇಲ್ಲದಿದ್ದರೆ ಯಾರು ಹುಡುಕುತ್ತಾರೆ?

ವಿರೋಧ: ಮಾತನ್ನು ವಿಳಾಸದಿಂದ ಅಳೆಯಬೇಡಿ

ಎಲ್ ಫಾಶರಿನ ಪ್ರಸಂಗ ಓದಿ ನನಗೂ ಸಂಕಟವಾಯಿತು. ಆದರೆ ಪತ್ರಿಕಾ ಮಿತ್ರರು ಒಂದು ಸಂಗತಿ ಬಿಟ್ಟಿದ್ದಾರೆ. ರೇಡಿಯೊ ದಬಂಗಾ ನಡೆಯುವುದು ಸುಡಾನಿನಲ್ಲಲ್ಲ, ಆಮ್‌ಸ್ಟರ್‌ಡಾಮಿನಲ್ಲಿ. ಡಾರ್ಫುರಿನಲ್ಲಿ ಕೂತು ಅಂಥ ಬಾನುಲಿ ನಡೆಸಲು ಆಗುತ್ತಿದ್ದರೆ ಅದು ಹುಟ್ಟುವ ಅಗತ್ಯವೇ ಇರುತ್ತಿರಲಿಲ್ಲ. ದೇಶವಾರು ಸೂಚಿಯಲ್ಲಿ ಅದು ನೆದರ್ಲೆಂಡ್ಸ್ ಖಾನೆಯಲ್ಲಿ ಡಚ್ಚರ ಪತ್ರಿಕೆಗಳ ನಡುವೆ ಕೂರುತ್ತದೆ. ಆ ರಾತ್ರಿ ಸುಡಾನ್ ಖಾನೆ ಎಳೆದಿದ್ದರೆ ಸಿಗುತ್ತಿದ್ದುದು 'ಸುನಾ' ಎಂಬ ಸರ್ಕಾರಿ ಸುದ್ದಿಸಂಸ್ಥೆ, ಅಂದರೆ ಕಾದಾಡುತ್ತಿರುವ ಇಬ್ಬರಲ್ಲಿ ಒಬ್ಬರ ತುತ್ತೂರಿ.

ದಬಂಗಾವನ್ನು ಸುಡಾನಿನ ಖಾನೆಗೇ ಹಾಕೋಣ ಬಿಡಿ ಎನ್ನಬಹುದು. ಆಗ ನಿಯಮವೇ ಬದಲಾಯಿತು. ಎಲ್ಲಿಂದ ಬರೆಯುತ್ತಾರೆ ಎಂಬುದು ಹೋಗಿ ಯಾವುದರ ಬಗ್ಗೆ ಬರೆಯುತ್ತಾರೆ ಎಂಬುದು ಬಂತು. ಹಾಗಾದರೆ ಸುಡಾನ್ ಬಗ್ಗೆ ದಿನವೂ ಬರೆಯುವ ರಾಯಿಟರ್ಸನ್ನು ಯಾವ ಬಾಯಲ್ಲಿ ಹೊರಗಿಡುತ್ತೀರಿ?

ಇದೊಂದು ಬಿಡಿ ಪ್ರಸಂಗವಾಗಿದ್ದರೆ ಸುಮ್ಮನಿರುತ್ತಿದ್ದೆ. ರಷ್ಯಾದ ಓದುಗರಿಗಾಗಿ ಬರೆಯುವ 'ಮೆದೂಜ಼ಾ' ಸುದ್ದಿತಾಣದ ನೆಲೆ 2014ರಿಂದ ಲಾಟ್ವಿಯಾದ ರೀಗಾ. ಬರ್ಮಾದ ಡಿವಿಬಿ ಎಂಬ ಬಾನುಲಿ 1992ರಲ್ಲಿ ಶುರುವಾದದ್ದು ನಾರ್ವೆಯ ಓಸ್ಲೋದಲ್ಲಿ. ನಿಕರಾಗುವಾದ 'ಕಾನ್ಫಿಡೆನ್ಸಿಯಲ್' ಪಕ್ಕದ ಕೋಸ್ಟರಿಕಾದಿಂದ ಹೊರಡುತ್ತದೆ. ಎರಿಟ್ರಿಯಾದಲ್ಲಿ 2001ರ ಸೆಪ್ಟೆಂಬರಿನಲ್ಲಿ ಖಾಸಗಿ ಪತ್ರಿಕೆಗಳನ್ನೆಲ್ಲ ಮುಚ್ಚಿಸಿದರು. ಅದರ ಖಾನೆಯಲ್ಲಿ ಸಿಗುವುದೆಲ್ಲ 'ಸ' ಗುರುತಿನವೇ. ಎರಿಟ್ರಿಯನ್ನರ ರೇಡಿಯೊ ಎರೆನಾ ಪ್ಯಾರಿಸ್ಸಿನಲ್ಲಿದೆ. ಬಾಯಿಗೆ ಬೀಗ ಬಿದ್ದ ಕಡೆ ಪತ್ರಿಕೆ ಗಡಿ ದಾಟುತ್ತದೆ. ಅಲ್ಲಿನ ಸುದ್ದಿಯೇ ನಮಗೆ ಹೆಚ್ಚು ಬೇಕಾದದ್ದು, ಅಲ್ಲಿಯೇ ಮಿತ್ರರ ಖಾನೆ ಹೆಚ್ಚು ಮೋಸ ಮಾಡುವುದು. ಕತಾರಿನ ಖಾನೆ ಕಥೆ ಇನ್ನೊಂದು ಬಗೆಯದು. ತೆರೆದರೆ ಅಲ್ ಜಝೀರಾ ಸಿಗುತ್ತದೆ, ಅದರಲ್ಲಿ ಜಗತ್ತಿನದ್ದೆಲ್ಲ ಸಿಗುತ್ತದೆ. ದುಡ್ಡು ಕೊಡುವ ಕತಾರಿನ ಮೇಲೇ ಖಾರವಾದ ವರದಿ ಬೇಕೆಂದರೆ ಕಷ್ಟ.

ದೇಶಕ್ಕೊಂದು ಪಾಲು ಎಂಬ ಪ್ರಯೋಗವೂ ಹೊಸದಲ್ಲ. 1970ರ ದಶಕದಲ್ಲಿ ಅಲಿಪ್ತ ರಾಷ್ಟ್ರಗಳು ತಮ್ಮ ಸುದ್ದಿಸಂಸ್ಥೆಗಳ ಒಕ್ಕೂಟ ಕಟ್ಟಿದವು, ಯುಗೊಸ್ಲಾವಿಯಾದ ತಾನ್ಯುಗ್ ಮುಂದಾಳು. ರಾಯಿಟರ್ಸ್ ಹಿಡಿತದಿಂದ ಬಿಡಿಸಿಕೊಳ್ಳುವ ಆ ಆಸೆ ನ್ಯಾಯವಾದದ್ದೇ. ಒಕ್ಕೂಟದ ದೊಡ್ಡ ಸಮ್ಮೇಳನ 1976ರ ಜುಲೈನಲ್ಲಿ ನಡೆದದ್ದು ದೆಹಲಿಯಲ್ಲಿ. ಆಗ ನಮ್ಮಲ್ಲಿ ಏನು ನಡೆಯುತ್ತಿತ್ತು ಹೇಳಿ? ತುರ್ತು ಪರಿಸ್ಥಿತಿ. ಪತ್ರಿಕೆಗಳಿಗೆ ಸೆನ್ಸಾರ್. ಪಿಟಿಐ, ಯುಎನ್‌ಐ ಸೇರಿ ನಾಲ್ಕು ಸುದ್ದಿಸಂಸ್ಥೆಗಳನ್ನು ಒತ್ತಿ 'ಸಮಾಚಾರ್' ಎಂಬ ಒಂದೇ ಉಂಡೆ ಮಾಡಿಯಾಗಿತ್ತು. ಅಂದಿನ ಸೂಚಿಯಲ್ಲಿ ಭಾರತದ ಖಾನೆಯಲ್ಲಿ ಸಿಗುತ್ತಿದ್ದುದು ಆ ಉಂಡೆಯೇ. ಇಂಥ ಸರ್ಕಾರಿ ಕಾಪಿಗಳನ್ನು ಮುಟ್ಟಲು ಸಂಪಾದಕರು ಮುಂದೆ ಬರಲಿಲ್ಲ, ಒಕ್ಕೂಟ 1990ರ ದಶಕದಲ್ಲಿ ಸೊರಗಿಹೋಯಿತು.

ಇನ್ನು ಹತ್ತೇ ಹೆಸರು ಎಂಬ ಮಿತಿ. ಹನ್ನೆರಡು ಸಾವಿರದಷ್ಟು ಜನರಿರುವ ನೌರುವಿಗೆ ಹತ್ತು, ಲಕ್ಷಕ್ಕೂ ಮಿಕ್ಕಿ ನೋಂದಾಯಿತ ಪತ್ರಿಕೆಗಳಿರುವ ಭಾರತಕ್ಕೂ ಹತ್ತು. ಆ ಹತ್ತನ್ನು ಯಾರು ತುಂಬುತ್ತಾರೆಂದು ನಾನೀಗಲೇ ಹೇಳಬಲ್ಲೆ: ದೆಹಲಿ, ಮುಂಬೈ, ಚೆನ್ನೈಗಳ ಇಂಗ್ಲಿಷ್ ಪತ್ರಿಕೆಗಳು ಏಳು, ಹಿಂದಿಯವು ಎರಡು. ಉಳಿದ ಒಂದಕ್ಕೆ ಕನ್ನಡ, ತಮಿಳು, ಮಲಯಾಳ, ಬಂಗಾಳಿ, ಮರಾಠಿಗಳು ಬಸ್ಸಿನ ಕಿಟಕಿಗೆ ಟವೆಲ್ ಎಸೆಯಬೇಕು. ದೇಶಗಳ ನಡುವಿನ ಅಸಮಾನತೆ ಅಳಿಸಹೊರಟು ದೇಶದೊಳಗಿನದನ್ನು ಗಟ್ಟಿ ಮಾಡಿದಂತಾಯಿತು. ಕನ್ನಡಿಗರಿಗಾಗಿ ಮಾಡುವ ಸೂಚಿಯಲ್ಲಿ ಇದು ನಗೆಪಾಟಲು.

ನಾನು ಮೂವತ್ತು ವರ್ಷ ಕ್ಯಾಟಲಾಗ್ ಕಾರ್ಡು ಬರೆದವನು, ಅದರ ಚಟ ಬಿಟ್ಟಿಲ್ಲ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಕೇಂದ್ರ ಕಟ್ಟಿದ ಎಸ್.ಆರ್. ರಂಗನಾಥನ್ ಅವರ, ಪುಸ್ತಕ ವಿಂಗಡಿಸುವ ಕೋಲನ್ ವರ್ಗೀಕರಣದಲ್ಲಿ ವಿಷಯವೊಂದನ್ನು ಐದು ಮುಖಗಳಿಂದ ನೋಡುತ್ತಾರೆ: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ದೇಶ ಎಂದರೆ ಇಲ್ಲಿ ಜಾಗ, ಅದು ನಾಲ್ಕನೆಯದು. ಸುದ್ದಿಮೂಲಕ್ಕೂ ಮುಖಗಳು ಹಲವು: ಯಾರ ದುಡ್ಡು, ಯಾವ ನುಡಿ, ಯಾವ ಸೀಮೆಯ ಮಾತು, ವರದಿಗಾರ ಎಲ್ಲಿ ನಿಂತಿದ್ದಾನೆ, ಕಚೇರಿ ಎಲ್ಲಿದೆ. ಪುಸ್ತಕವನ್ನು ಒಂದೇ ಕಪಾಟಿನಲ್ಲಿ ಇಡಬೇಕಾದ ಕಷ್ಟ ನಮಗಿತ್ತು. ಈಗಿನ ಸೂಚಿಗೆ ಮರದ ಖಾನೆಯೇ ಬೇಕಿಲ್ಲ, ಎಂದಮೇಲೆ ಒಂದೇ ಕಡೆ ತುರುಕುವುದೇಕೆ? ಡಾರ್ಫುರ್ ಎಂದು ಹುಡುಕಿದವರಿಗೂ ಅರಬ್ಬಿ ಎಂದು ಹುಡುಕಿದವರಿಗೂ ದಬಂಗಾ ಸಿಗಲಿ. ಖಾಲಿ ಗೆರೆಯ ಉಪಕಾರವೂ ತಪ್ಪುವುದಿಲ್ಲ. 'ಸೀಮೆ: ಚಾಡ್, ಒಡೆತನ: ಖಾಸಗಿ' ಎಂದು ಕೇಳಿ ಏನೂ ಬರದಿದ್ದರೆ ಅದೂ ಖಾಲಿಯೇ, ಯಾವ ಬಗೆಯ ಖಾಲಿ ಎಂದೂ ತಿಳಿಯುತ್ತದೆ.

ಮಿತ್ರರ ಲೇಖನ ಓದಿ ಮುಗಿಸಿ ಹಳೆಯ ಅಭ್ಯಾಸದಂತೆ ಒಂದು ಕಾರ್ಡು ಬರೆದೆ. ರೇಡಿಯೊ ದಬಂಗಾ. ಸೀಮೆ: ಡಾರ್ಫುರ್, ಸುಡಾನ್. ನುಡಿ: ಅರಬ್ಬಿ, ಇಂಗ್ಲಿಷ್. ಆರಂಭ: 2008. ಇಷ್ಟನ್ನು ಶಾಯಿಯಲ್ಲಿ ಬರೆದು, ಕೊನೆಗೆ 'ಕಚೇರಿ: ಆಮ್‌ಸ್ಟರ್‌ಡಾಮ್' ಎಂಬುದನ್ನು ಪೆನ್ಸಿಲಿನಲ್ಲಿ ಬರೆದೆ.