ಪೌಂಡ್, ಪೌಂಡ್ ಎಂದು ಓದುವ ಕನ್ನಡ

ಹೋದ ವಾರ ರಾತ್ರಿ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅವನಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡಿದ್ದಾನೆ. ಪರದೆಯ ಮೇಲೆ ಇರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಸುದ್ದಿ, ಬ್ಯಾಂಕು, ಅರ್ಜಿ ಎಲ್ಲಾ ಅದರಿಂದಲೇ.

"ಅಕ್ಕಾ, ಇಲ್ಲೊಂದು ಕೆಲಸದ ಪ್ರಕಟಣೆ ಇದೆ. ಕನ್ನಡದಲ್ಲಿದೆ ಅಂತ ಸ್ನೇಹಿತ ಹೇಳಿದ. ಇದು ನೋಡಿದ್ರೆ ಪಿ, ಎ, ಪೌಂಡ್, ಎ ಅಂತ ಓದ್ತಾ ಇದೆ. ನನ್ನ ಕಂಪ್ಯೂಟರೇ ಕೆಟ್ಟಿದೆಯಾ?"

ಕಂಪ್ಯೂಟರ್ ಕೆಟ್ಟಿರಲಿಲ್ಲ. ಆ ಪುಟದಲ್ಲಿ ಕನ್ನಡವೇ ಇರಲಿಲ್ಲ.

ನಾನು ವೆಬ್‌ಸೈಟ್ ಕಟ್ಟುವ ಕೆಲಸದವಳು. ಪುಟ ತೆರೆದ ಕೂಡಲೇ ಗೊತ್ತಾಯಿತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಿದ್ದರು. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿರುತ್ತಾರೆ. ಕಣ್ಣಿಗೆ 'ಕನ್ನಡ' ಎಂದು ಕಾಣುತ್ತದೆ. ಒಳಗೆ ಇರುವುದು ಪಿ, ತಲೆಯ ಮೇಲೆ ಗೀಟು ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಎ. ಮೂರಕ್ಷರದ ಪದಕ್ಕೆ ಏಳು ಚಿಹ್ನೆ, ಅದರಲ್ಲಿ ಒಂದೂ ಕನ್ನಡದ್ದಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಓದಲಾಗುವುದಿಲ್ಲ. ನನ್ನ ತಮ್ಮನಿಗೆ ಪೌಂಡ್, ಪೌಂಡ್ ಎಂದು ಕೇಳಿಸುತ್ತದೆ.

ಆ ಪದ್ಧತಿಯನ್ನು ಬೈಯುವ ಮನಸ್ಸು ನನಗಿಲ್ಲ. ಬೇರೆ ದಾರಿ ಇಲ್ಲದ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಮೂಡಿದ್ದು ಅದರಿಂದಲೇ. ಆ ಕೆಲಸ ಮಾಡಿದವರ ಋಣ ನಮ್ಮ ಮೇಲಿದೆ. ಆದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ಎಂಬ ಪದ್ಧತಿ ಇದೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯುನಿಕೋಡ್ ಕನ್ನಡ ಫಾಂಟ್ ಇತ್ತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಪೂರ್ತಿ ಯುನಿಕೋಡಿನಲ್ಲೇ ಬೆಳೆಯಿತು. ಅಂದರೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯಿತು. ಇನ್ನೂ ಯಾಕೆ ಹೀಗೆ?

ಕಾರಣ ಡಿಟಿಪಿ ಅಂಗಡಿಯಲ್ಲಿದೆ. ಪ್ರಕಟಣೆಯನ್ನು ಮೊದಲು ಅಚ್ಚಿಗಾಗಿ ಟೈಪ್ ಮಾಡುತ್ತಾರೆ. ಎಷ್ಟೋ ಕಡೆ ಇವತ್ತಿಗೂ ಪುಟ ಜೋಡಿಸಲು ಪೇಜ್‌ಮೇಕರ್ ಎಂಬ ಹಳೆಯ ಸಾಫ್ಟ್‌ವೇರ್ ಬಳಸುತ್ತಾರೆ. ಅದಕ್ಕೆ ಯುನಿಕೋಡ್ ಕನ್ನಡ ಬರುವುದಿಲ್ಲ, ಹಾಗಾಗಿ ಹಳೆಯ ಫಾಂಟೇ ಬೇಕು. ಅದೇ ಫೈಲ್ ಸೀದಾ ವೆಬ್‌ಸೈಟಿಗೆ ಬರುತ್ತದೆ. ಇಲ್ಲವಾದರೆ ಕಾಗದವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕುತ್ತಾರೆ. ಆಗಂತೂ ಪೌಂಡ್ ಕೂಡ ಕೇಳಿಸುವುದಿಲ್ಲ, ಸುಮ್ನೆ 'ಗ್ರಾಫಿಕ್' ಎಂದು ಹೇಳಿ ಮುಂದೆ ಹೋಗುತ್ತದೆ.

ಆಧುನಿಕ ವೆಬ್‌ಸೈಟ್ ಬೇಕು ಎಂದು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕೇಳುವುದು ಜಾರುವ ಚಿತ್ರ, ಓಡುವ ಅಕ್ಷರ. ನಾನು ಆಧುನಿಕ ಅನ್ನುವುದು ಅದಕ್ಕಲ್ಲ. ಎಲ್ಲ ಬ್ರೌಸರುಗಳೂ ಒಪ್ಪಿಕೊಂಡ ನಿಯಮಗಳು ಇವೆ, ಅವುಗಳಂತೆ ಬರೆಯುವುದಕ್ಕೆ. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್ ಲೀ 1994ರಲ್ಲಿ ಡಬ್ಲ್ಯುತ್ರೀಸಿ ಸಂಸ್ಥೆ ಕಟ್ಟಿದ್ದೇ ಇಂಥ ನಿಯಮಗಳಿಗಾಗಿ. ಅವುಗಳಲ್ಲಿ ಬಹಳಷ್ಟು ತೀರಾ ಚಿಕ್ಕವು.

ಒಂದು ಉದಾಹರಣೆ ಹೇಳುತ್ತೇನೆ. ಪ್ರತಿ ಪುಟದ ಹಿಂದಿರುವ ಕೋಡಿನ ಶುರುವಿನಲ್ಲೇ ಅದು ಯಾವ ಭಾಷೆಯದು ಎಂದು ಬರೆಯುವ ಜಾಗವಿದೆ. ಕನ್ನಡವಾದರೆ ಕೆ, ಎನ್ ಎಂಬ ಎರಡೇ ಅಕ್ಷರ. ಅದನ್ನು ನೋಡಿ ಓದುವ ಸಾಫ್ಟ್‌ವೇರ್ ಕನ್ನಡದ ದನಿಗೆ ಬದಲಾಗುತ್ತದೆ. ನಮ್ಮವರು ಎಲ್ಲಿಂದಲೋ ಒಂದು ಟೆಂಪ್ಲೇಟ್, ಅಂದರೆ ಪುಟದ ಸಿದ್ಧ ಮಾದರಿ, ಇಳಿಸಿಕೊಂಡಿರುತ್ತಾರೆ. ಅದರಲ್ಲಿ 'ಇಂಗ್ಲಿಷ್' ಎಂದು ಬರೆದಿರುತ್ತದೆ, ಯಾರೂ ಬದಲಾಯಿಸುವುದಿಲ್ಲ. ಅಕ್ಷರ ಸರಿಯಾದ ಯುನಿಕೋಡ್ ಆಗಿದ್ದರೂ ಪುಟ ತನ್ನನ್ನು ಇಂಗ್ಲಿಷ್ ಎಂದು ಹೇಳಿಕೊಳ್ಳುತ್ತದೆ. ಎರಡಕ್ಷರ ತಿದ್ದಲು ಎಷ್ಟು ಹೊತ್ತು ಬೇಕು ಹೇಳಿ?

ಶೀರ್ಷಿಕೆಗಳೂ ಹಾಗೆಯೇ. ಅಕ್ಷರ ದಪ್ಪ ಮಾಡಿದರೆ ಕಣ್ಣಿಗೆ ಶೀರ್ಷಿಕೆ. ಕೋಡಿನಲ್ಲಿ 'ಇದು ಶೀರ್ಷಿಕೆ' ಎಂದು ಹೇಳುವ ಗುರುತು, ಅಂದರೆ ಟ್ಯಾಗ್, ಹಾಕಿದರೆ ನನ್ನ ತಮ್ಮ ಎಚ್ ಕೀ ಒತ್ತಿ ಒಂದರಿಂದ ಇನ್ನೊಂದಕ್ಕೆ ಹಾರುತ್ತಾನೆ. ಟ್ಯಾಗ್ ಇಲ್ಲದಿದ್ದರೆ ಇಡೀ ಪುಟವನ್ನು ಮೇಲಿಂದ ಕೆಳಗೆ ಕೇಳಬೇಕು, ಪ್ರತಿ ಸಲವೂ.

ಇನ್ನೊಂದು ನನಗೆ ದಿನಾ ಕಣ್ಣು ಚುಚ್ಚುವ ವಿಷಯ. ಬಟನ್ ಎತ್ತರ ಇಷ್ಟೇ ಪಿಕ್ಸೆಲ್ ಎಂದು ಇಂಗ್ಲಿಷ್ ಅಳತೆಗೆ ಕಟ್ಟಿರುತ್ತಾರೆ. ಅದರೊಳಗೆ 'ರಾಷ್ಟ್ರೀಯ' ಎಂದು ಹಾಕಿದರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಕಟ್ಟಿದವರಿಗೆ ಕನ್ನಡ ಓದಲು ಬರದಿದ್ದರೆ ಅದು ತಪ್ಪು ಎಂದು ಗೊತ್ತೇ ಆಗುವುದಿಲ್ಲ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗೆ ಹೆಚ್ಚಿಸಿದರೂ ಏನೂ ಮರೆಯಾಗಬಾರದು ಎಂದು, ವೆಬ್ ಎಲ್ಲರಿಗೂ ಎಟುಕಲಿ ಎಂದು ಡಬ್ಲ್ಯುತ್ರೀಸಿ ಮಾಡಿದ 2018ರ ಡಬ್ಲ್ಯುಸಿಎಜಿ 2.1 ನಿಯಮದಲ್ಲಿದೆ. ಅದನ್ನು ಪಾಲಿಸಿದ್ದರೆ ಒತ್ತಕ್ಷರ ಉಳಿಯುತ್ತಿತ್ತು. ಚೆಂದದ ಫಾಂಟ್ ಇಲ್ಲ ಎನ್ನುವ ಮಾತೂ ಈಗ ನಿಲ್ಲುವುದಿಲ್ಲ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಎಲ್ಲವೂ ಉಚಿತ. ಅನೇಕ್‌ನಲ್ಲಿ ಒಂದೇ ಫೈಲಿನಿಂದ ತೆಳು, ದಪ್ಪ, ಅಗಲ ಎಲ್ಲಾ ಬರುತ್ತವೆ.

"ಹಳ್ಳಿಯಲ್ಲಿ ಹಳೇ ಫೋನ್ ಇರುತ್ತೆ ಮೇಡಂ, ಹೊಸದೆಲ್ಲ ಓಡಲ್ಲ" ಅನ್ನುತ್ತಾರೆ. ಹಳೇ ಫೋನಿನ ಕಷ್ಟ ನಿಜ. ಆದರೆ ಅಲ್ಲಿ ತಿಣುಕುವುದು ಒಂದು ಪ್ರಕಟಣೆ ತೋರಿಸಲು ರಾಶಿ ರಾಶಿ ಜಾವಾಸ್ಕ್ರಿಪ್ಟ್, ಅಂದರೆ ಫೋನಿನಲ್ಲಿ ಓಡಬೇಕಾದ ಪ್ರೋಗ್ರಾಂ, ಇಳಿಸುವ ಸೈಟು. ವೆಬ್ ಪುಟ ಬರೆಯುವ ಮೂಲ ಭಾಷೆಯಾದ ಸರಳ ಎಚ್‌ಟಿಎಂಎಲ್‌ಗೆ ಒಂದು ದೊಡ್ಡ ಗುಣವಿದೆ. ತನಗೆ ಗೊತ್ತಿಲ್ಲದ ಟ್ಯಾಗ್ ಬಂದರೆ ಬ್ರೌಸರ್ ಅದನ್ನು ಬಿಟ್ಟು ಒಳಗಿನ ಮಾತನ್ನು ತೋರಿಸುತ್ತದೆ. ಜಗತ್ತಿನ ಮೊದಲ ವೆಬ್‌ಸೈಟಿನ ಪುಟ ಇವತ್ತಿನ ಫೋನಿನಲ್ಲೂ ತೆರೆಯುತ್ತದೆ.

ಇದು ಬರೀ ಸೌಜನ್ಯದ ವಿಷಯವೂ ಅಲ್ಲ. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ.

ಆ ರಾತ್ರಿ ನಾನು ಪ್ರಕಟಣೆಯನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಂದೆ. ಅದೂ ಪೂರ್ತಿ ಸುಲಭವಲ್ಲ. 'ಅರ್ಜಿ' ಪದವನ್ನೇ ನೋಡಿ. ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವ ಹಾಗೆ ಜಿ ಮೊದಲು, ಅರ್ಕಾವತ್ತು ಆಮೇಲೆ. ಯುನಿಕೋಡಿನಲ್ಲಿ ನಾವು ಉಚ್ಚರಿಸುವ ಹಾಗೆ ರ್ ಮೊದಲು. ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಬಿದ್ದಿದ್ದವು. ಕೂತು ಸಾಲು ಸಾಲು ತಿದ್ದಿ ತಮ್ಮನಿಗೆ ಕಳಿಸಿದೆ. ಅರ್ಜಿ ಹಾಕಲು ಇನ್ನೂ ಎರಡು ದಿನ ಇತ್ತು, ಹಾಕಿದ. ಅದೇ ಪ್ರಕಟಣೆ ನೋಡಿದ, ಅಕ್ಕ ಇಲ್ಲದ ಹುಡುಗರು ಏನು ಮಾಡಿದರೋ ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ.

ನಿಮ್ಮ ಸಂಘ, ಶಾಲೆ, ಗ್ರಂಥಾಲಯ ಯಾವುದರದ್ದಾದರೂ ಕನ್ನಡ ವೆಬ್‌ಸೈಟ್ ಇದ್ದರೆ ಅದರಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡ ಬಂದರೆ ಸರಿ. ಪೌಂಡ್ ಬಂದರೆ ನನಗೆ ಮೆಸೇಜ್ ಮಾಡಿ. ಭಾನುವಾರ ಬಿಡುವಿರುತ್ತದೆ, ದುಡ್ಡೇನೂ ಬೇಡ, ಒಟ್ಟಿಗೆ ಕೂತು ಸರಿ ಮಾಡೋಣ.