ಶೆರಿಫನಿಗೆ ಒಂದೇ ವರ್ಷ: ಒಳ್ಳೆಯದಾಯಿತೇ?

ಶೆರಿಫ್ ಎಂದರೆ ಇಂಗ್ಲೆಂಡಿನ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ರಾಜನ ಅಧಿಕಾರಿ. 1340ರಲ್ಲಿ ಅಲ್ಲಿನ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಯಾವ ಶೆರಿಫನೂ ಒಂದು ವರ್ಷಕ್ಕಿಂತ ಜಾಸ್ತಿ ಹುದ್ದೆಯಲ್ಲಿ ಇರುವಂತಿಲ್ಲ. ಇದು 1258ರಿಂದಲೂ ಇದ್ದ ಬೇಡಿಕೆ. ಆ ಕಾನೂನು ಬೇಕಿತ್ತೇ?

ಪರ

ಬೇಕೇ ಬೇಕಿತ್ತು. ಆಗಿನ ಶೆರಿಫನ ಕೈಯಲ್ಲಿ ಏನೇನಿತ್ತು ನೋಡಿ. ಕೌಂಟಿಯಲ್ಲಿ ರಾಜನಿಗೆ ಬರಬೇಕಾದ ಹಣ ವಸೂಲಿ ಮಾಡುವವನು ಅವನು. ಕಳ್ಳರನ್ನು ಹಿಡಿಯುವವನು, ಸೆರೆಮನೆ ನೋಡಿಕೊಳ್ಳುವವನು, ಕೌಂಟಿ ಕೋರ್ಟು ನಡೆಸುವವನು, ಎಲ್ಲಾ ಅವನೇ. ಅವನ ಮೇಲೆ ದೂರು ಕೊಡಬೇಕಾದರೆ ಬಡ ರೈತ ಎಲ್ಲಿಗೆ ಹೋಗಬೇಕು?

ಇದರ ಮೇಲೆ ಗುತ್ತಿಗೆ ಬೇರೆ. ಕೌಂಟಿಯಿಂದ ವರ್ಷಕ್ಕೆ ಇಷ್ಟು ಎಂದು ಮೊತ್ತ ಗೊತ್ತು ಮಾಡಿರುತ್ತಿದ್ದರು. ಈಸ್ಟರ್ ಹೊತ್ತಿಗೆ ಒಂದಿಷ್ಟು ಕಟ್ಟಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಬರುವ ಮೈಕೆಲ್ಮಸ್ ಹಬ್ಬ ಕಳೆದ ಮೇಲೆ ಪೂರ್ತಿ ಲೆಕ್ಕ ಒಪ್ಪಿಸಬೇಕು. ಚೌಕಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಬಿಲ್ಲೆಗಳನ್ನು ಜೋಡಿಸಿ, ಬೊಕ್ಕಸದವರು ಆ ಲೆಕ್ಕವನ್ನು ಎಣಿಸುತ್ತಿದ್ದರು. ಗೊತ್ತು ಮಾಡಿದ ಮೊತ್ತ ಕಟ್ಟಿ ಮಿಕ್ಕಿದ್ದು ಶೆರಿಫನ ಪಾಲು. ಅಂದಮೇಲೆ ಹಿಂಡಿದಷ್ಟೂ ಲಾಭ, ಅಲ್ವಾ?

1170ರಲ್ಲಿ ಎರಡನೇ ಹೆನ್ರಿ ಹೊರದೇಶದಿಂದ ಮರಳಿದಾಗ ದೂರುಗಳು ಎಷ್ಟಿದ್ದವೆಂದರೆ, ಆತ ದೊಡ್ಡ ವಿಚಾರಣೆಯನ್ನೇ ನಡೆಸಿ ಹೆಚ್ಚಿನ ಶೆರಿಫರನ್ನು ಕಿತ್ತುಹಾಕಿದ. ಅದರಿಂದಲೂ ರೋಗ ವಾಸಿಯಾಗಲಿಲ್ಲ. 1215ರ ಮ್ಯಾಗ್ನಾ ಕಾರ್ಟಾದಲ್ಲಿ ಅಧಿಕಾರಿಗಳು ಹಣ ಕೊಡದೆ ದವಸ ಎತ್ತಬಾರದು, ಒಪ್ಪಿಗೆಯಿಲ್ಲದೆ ಕುದುರೆ, ಗಾಡಿ ಒಯ್ಯಬಾರದು ಎಂದು ಬರೆಯಬೇಕಾಯಿತು. ನಾಟಿಂಗ್‌ಹ್ಯಾಮಿನ ಶೆರಿಫ್ ಫಿಲಿಪ್ ಮಾರ್ಕ್‌ನನ್ನು ಹೆಸರು ಹಿಡಿದೇ ತೆಗೆದುಹಾಕಿ ಎಂದರು. ಜಾನ್ ರಾಜ ಒಪ್ಪಿ ಮುದ್ರೆ ಒತ್ತಿದ ಪತ್ರ ಅದು. ಆದರೂ ಮಾರ್ಕ್ 1224ರವರೆಗೆ ಅದೇ ಹುದ್ದೆಯಲ್ಲಿದ್ದ! ನನಗೆ ಈ ಒಂದು ಸಂಗತಿಯೇ ಸಾಕು. ಇಂಥವರನ್ನು ಇಳಿಸುವುದಕ್ಕೆ ರಾಜನ ಮಾತನ್ನು ನಂಬಿ ಕೂರಲಾಗದು. ವರ್ಷ ಮುಗಿಯಿತು, ಎದ್ದು ಹೋಗು ಎನ್ನುವ ಕಾನೂನೇ ಬೇಕು.

ವಿರೋಧ

ಮಾರ್ಕ್‌ನಂಥವರು ಇದ್ದದ್ದು ನಿಜ. ಆದರೆ ಹಿಂಡುವಂತೆ ಮಾಡಿದ್ದು ಗುತ್ತಿಗೆ. 1258ರ ಸುಧಾರಕರಿಗೆ, ಅಂದರೆ ರಾಜನಿಗೆ ಕಡಿವಾಣ ಹಾಕಲು ಹೊರಟ ಸರದಾರರಿಗೆ, ಇದು ಚೆನ್ನಾಗಿ ಗೊತ್ತಿತ್ತು. ಶೆರಿಫ್ ಒಂದೇ ವರ್ಷ ಇರಲಿ ಎಂದವರು, ಅವನ ಖರ್ಚನ್ನು ರಾಜನೇ ಕೊಡಲಿ ಎಂದೂ ಹೇಳಿದ್ದರು. ಉಳಿದುಕೊಂಡದ್ದು ವರ್ಷದ ಮಿತಿ ಮಾತ್ರ. ಖರ್ಚಿನ ಮಾತು ಗಾಳಿಗೆ ಹೋಯಿತು.

ಊರು ಬಲ್ಲವರ ಬೆಲೆ ಏನೆಂದು ಲಿಂಕನ್ ಎಂಬ ಊರನ್ನು ನೋಡಿದರೆ ತಿಳಿಯುತ್ತದೆ. ಅಲ್ಲಿನ ಕೋಟೆಯನ್ನು ನಿಕೋಲಾ ಡಿ ಲಾ ಹೇ ಎಂಬ ಹೆಂಗಸಿನ ಮನೆತನ ತಲೆಮಾರುಗಳಿಂದ ಕಾಯುತ್ತಿತ್ತು. 1216ರಲ್ಲಿ, ಸಾಯುವ ಮುನ್ನ, ಜಾನ್ ರಾಜ ಆಕೆಯನ್ನೇ ಶೆರಿಫ್ ಮಾಡಿದ. ಮರುವರ್ಷ ಫ್ರೆಂಚರೂ ಬಂಡೆದ್ದ ಸರದಾರರೂ ಊರಿನೊಳಗೆ ನುಗ್ಗಿದರು. ಆ ಹಿರಿಯ ಹೆಂಗಸು ಕೋಟೆ ಬಿಟ್ಟುಕೊಡಲಿಲ್ಲ. ವರ್ಷಕ್ಕೊಬ್ಬ ಹೊಸಬ ಬಂದುಹೋಗುವ ಕಡೆ ಇಂಥ ನಂಟು ಬೆಳೆಯುವುದಾದರೂ ಹೇಗೆ?

ಶೆರಿಫನಿಂದ ಕಿತ್ತುಕೊಂಡ ಅಧಿಕಾರವೇನೂ ಮಾಯವಾಗಲಿಲ್ಲ. 1461ರ ಕಾನೂನು ಶೆರಿಫನ ಬಳಿ ಉಳಿದಿದ್ದ ಅಪರಾಧ ವಿಚಾರಣೆಯನ್ನು ಜಸ್ಟಿಸ್ ಆಫ್ ದಿ ಪೀಸ್ ಎಂಬ ಸ್ಥಳೀಯ ನ್ಯಾಯಾಧಿಕಾರಿಗಳ ಕೈಗೆ ಕೊಟ್ಟಿತು. ಅವರೂ ಅದೇ ಜಮೀನ್ದಾರ ವರ್ಗದವರು. ಅವರಿಗೆ ವರ್ಷದ ಮಿತಿಯೂ ಇರಲಿಲ್ಲ.

ಕೊನೆಗೆ ಈ ಹುದ್ದೆ ಶಿಕ್ಷೆಯೇ ಆಯಿತು. 1625ರಲ್ಲಿ ರಾಜ ಒಂದನೇ ಚಾರ್ಲ್ಸ್ ಪಾರ್ಲಿಮೆಂಟಿನಲ್ಲಿ ತನ್ನನ್ನು ಎದುರಿಸುತ್ತಿದ್ದ ಎಡ್ವರ್ಡ್ ಕೋಕ್‌ರನ್ನು ಬಕಿಂಗ್‌ಹ್ಯಾಮ್‌ಶೈರ್‌ಗೆ ಶೆರಿಫ್ ಮಾಡಿದ. ಶೆರಿಫ್ ಆದವನು ತನ್ನ ಕೌಂಟಿ ಬಿಟ್ಟು ಪಾರ್ಲಿಮೆಂಟಿನಲ್ಲಿ ಕೂರುವಂತಿರಲಿಲ್ಲ. ದೇಶದ ದೊಡ್ಡ ಕಾನೂನು ಪಂಡಿತ, ಎಪ್ಪತ್ತು ದಾಟಿದವರು, ಹೀಗೆ ಬಾಯಿ ಮುಚ್ಚಬೇಕಾಯಿತು. ಥಾಮಸ್ ವೆಂಟ್‌ವರ್ತ್ ಮೊದಲಾದ ಬೇರೆ ಎದುರಾಳಿಗಳಿಗೂ ಇದೇ ಗತಿ. ಒಂದೇ ವರ್ಷ ತಾನೇ, ಒಲ್ಲೆ ಎನ್ನುವುದಕ್ಕೆ ನೆಪವೂ ಇರಲಿಲ್ಲ.

ಇನ್ನು ಶಿಪ್ ಮನಿ. ಕರಾವಳಿಯವರು ಹಡಗುಗಳಿಗಾಗಿ ಕೊಡುತ್ತಿದ್ದ ಹಣವನ್ನು ಚಾರ್ಲ್ಸ್ 1635ರಲ್ಲಿ ಒಳನಾಡಿಗೂ ಹೇರಿದ. ಯಾರು ಎಷ್ಟು ಕೊಡಬೇಕೆಂದು ಹಂಚಿ ವಸೂಲಿ ಮಾಡಬೇಕಾದವನು ಶೆರಿಫ್. ಸಂಬಳವಿಲ್ಲ. ನೆರೆಹೊರೆಯವರ ದನ ಜಪ್ತಿ ಮಾಡಿ ಹಗೆ ಕಟ್ಟಿಕೊಳ್ಳಬೇಕು. ವರ್ಷ ಮುಗಿದರೂ ಬಿಡುಗಡೆಯಿಲ್ಲ. ಹುದ್ದೆ ಇನ್ನೊಬ್ಬನ ಪಾಲಾದ ಮೇಲೂ ಹಳೇ ಬಾಕಿಗೆ ಬೊಕ್ಕಸದವರು ಕೇಳುತ್ತಿದ್ದದ್ದು ಅವನನ್ನೇ.