ಜಾಲರಿ ತೆಗೆದವನದ್ದೇ ತಪ್ಪಂತೆ!

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಮಾತು ಬಂದರೆ ಸಾಕು, ಅದೇ ಹಳೇ ರಾಗ: ಕೂಲಿಯವನು ಬೇಜವಾಬ್ದಾರಿಯಿಂದ ಡೇವಿ ದೀಪದ (ಒಳಗಿನ ಉರಿ ಹೊರಗಿನ ಗಣಿ ಅನಿಲಕ್ಕೆ ತಗುಲದಂತೆ ತಡೆಯುವ ಸುರಕ್ಷತಾ ದೀಪದ) ಜಾಲರಿ ತೆಗೆದ, ಗಣಿ ಸ್ಫೋಟಿಸಿತು. ಕೇಳಿ ಕೇಳಿ ಹೊಟ್ಟೆ ಉರಿದುಹೋಗಿದೆ. ಯಾಕೆ ತೆಗೆದ ಅಂತ ಒಬ್ಬರಾದರೂ ಕೇಳಬೇಡವೇ?

1815ರಲ್ಲಿ ಬಂದ ಆ ದೀಪದ ಉರಿಯ ಸುತ್ತ ಚದರ ಅಂಗುಲಕ್ಕೆ 784 ಕಣ್ಣಿನ ತಂತಿ ಜಾಲರಿ. ಮೇಣದಬತ್ತಿಯಷ್ಟೂ ಬೆಳಕಿಲ್ಲ, ಜಾಲರಿಗೆ ಮಸಿ, ಇದ್ದಲಪುಡಿ ಮೆತ್ತಿದರೆ ಅದೂ ಇಲ್ಲ. ಕೂಲಿಯೋ, ದಿನದ ಲೆಕ್ಕದಲ್ಲಿ ಅಲ್ಲ, ಕಡಿದು ಮೇಲೆ ಕಳಿಸಿದ ಇದ್ದಲಿನ ಲೆಕ್ಕದಲ್ಲಿ. ತೊಟ್ಟಿಬಂಡಿಯಲ್ಲಿ ಕಲ್ಲು ಹೆಚ್ಚು ಬಂದಿದೆ ಎಂದು ಮೇಲಿನವರು ಹೇಳಿದರೆ ಎಷ್ಟೋ ಕಡೆ ಆ ಇಡೀ ಬಂಡಿಯ ಕೂಲಿಗೆ ಕತ್ತರಿ. ಕಲ್ಲೂ ಕಪ್ಪು, ಇದ್ದಲೂ ಕಪ್ಪು. ಆ ಮಬ್ಬಿನಲ್ಲಿ ಮಲಗಿಕೊಂಡು ಕಡಿಯುವವನು ಎರಡನ್ನೂ ಹೇಗೆ ಬೇರ್ಪಡಿಸಬೇಕಿತ್ತು? ಜಾಲರಿ ತೆಗೆಸಿದ್ದು ಆ ಕೂಲಿಯ ಲೆಕ್ಕ.

ಜಾಲರಿ ಇದ್ದರೂ ಪೂರ್ತಿ ಭದ್ರತೆ ಇರಲಿಲ್ಲ. ಗಾಳಿ ಸೆಕೆಂಡಿಗೆ ಆರೇಳು ಅಡಿ ದಾಟಿ ಬೀಸಿದರೆ ಉರಿ ಜಾಲರಿಯಿಂದ ಆಚೆ ನುಗ್ಗುತ್ತದೆ. ಹೊರಗಿನ ಗಾಳಿಯಲ್ಲಿ ಮೀಥೇನ್, ಅಂದರೆ ಇದ್ದಲಿನಿಂದ ಹೊಮ್ಮುವ ಆ ಅನಿಲ, ಶೇಕಡಾ 5ರಿಂದ 15ರಷ್ಟಿದ್ದರೆ ಮುಗಿಯಿತು, ಸ್ಫೋಟವೇ. ಇಂಥ ದೀಪವನ್ನೇ ನೆಪ ಮಾಡಿಕೊಂಡು ಮಾಲೀಕರು ಅನಿಲಕ್ಕೆ ಹೆದರಿ ಬಿಟ್ಟಿದ್ದ ಇದ್ದಲಿನ ಪದರಗಳಿಗೂ ಜನರನ್ನು ಇಳಿಸಿದರು!

ಎಷ್ಟೋ ಗಣಿಗಳಲ್ಲಿ ಮೇಲಿನ ಬಂಡೆಗೆ ಆಸರೆ ಮರ ನಿಲ್ಲಿಸುವುದೂ ಇದ್ದಲು ಕಡಿಯುವವನ ಕೆಲಸವೇ, ಅದಕ್ಕೆ ಬಿಡಿಗಾಸಿಲ್ಲ. ಮರ ನಿಲ್ಲಿಸುವ ಹೊತ್ತಿನಲ್ಲಿ ಬಂಡಿ ತುಂಬುವುದಿಲ್ಲ, ಮನೆಯಲ್ಲಿ ಒಲೆ ಉರಿಯುವುದಿಲ್ಲ. ಆ ಶತಮಾನದಲ್ಲಿ ಸ್ಫೋಟಕ್ಕಿಂತ ಬಂಡೆ ಕುಸಿದೇ ಹೆಚ್ಚು ಜನ ಸತ್ತರು, ಒಬ್ಬೊಬ್ಬರಾಗಿ ಸತ್ತಿದ್ದರಿಂದ ಸುದ್ದಿಯಾಗಲಿಲ್ಲ, ಅಷ್ಟೇ.

ಗಾಳಿಯ ದಾರಿ ಕಾಯುತ್ತಿದ್ದವರು ಯಾರು? ಮಕ್ಕಳು. ಬಂಡಿ ಬಂದಾಗ ಹಗ್ಗ ಎಳೆದು ಬಾಗಿಲು ತೆರೆಯಬೇಕು, ಹೋದ ಕೂಡಲೇ ಮುಚ್ಚಬೇಕು, ಕತ್ತಲಲ್ಲಿ ಹನ್ನೆರಡು ಗಂಟೆ. ಬಾಗಿಲು ತೆರೆದೇ ಉಳಿದರೆ ಗಾಳಿ ಅಡ್ಡದಾರಿ ಹಿಡಿಯುತ್ತದೆ, ಒಳಮೂಲೆಯಲ್ಲಿ ಅನಿಲ ಕಟ್ಟುತ್ತದೆ. ನೂರಾರು ಜನರ ಉಸಿರನ್ನು ನಿದ್ದೆಗಣ್ಣಿನ ಕೂಸಿನ ಕೈಗೆ ಕೊಟ್ಟಿದ್ದರು! ಹತ್ತು ವರ್ಷದೊಳಗಿನ ಹುಡುಗರನ್ನು ಇಳಿಸಬಾರದು ಎಂದು ಕಾನೂನಾಗಿದ್ದು 1842ರಲ್ಲಿ. ಒಳಗಿಳಿದು ಸುರಕ್ಷತೆ ನೋಡುವ ಇನ್‌ಸ್ಪೆಕ್ಟರುಗಳು ಬಂದಿದ್ದು 1850ರ ಕಾನೂನಿನ ಮೇಲೆ, ಅದೂ ಇಡೀ ದೇಶಕ್ಕೆ ಮೊದಲು ನಾಲ್ಕೇ ಜನ.

ಇನ್ನು ಇಂಗ್ಲೆಂಡಿನ ಹಾರ್ಟ್ಲಿ ಗಣಿ. 1862ರ ಜನವರಿ 16. ಇಳಿಯಲು, ಹತ್ತಲು ಇಡೀ ಗಣಿಗೆ ಒಂದೇ ಬಾವಿ; ನಡುವೆ ಹಲಗೆಯ ಅಡ್ಡಗೋಡೆ, ಒಂದು ಕಡೆಯಿಂದ ಒಳ್ಳೆಯ ಗಾಳಿ ಒಳಗೆ, ಇನ್ನೊಂದು ಕಡೆಯಿಂದ ಕೆಟ್ಟ ಗಾಳಿ ಹೊರಗೆ. ನೀರೆತ್ತುವ ಯಂತ್ರದ ನಲವತ್ತಕ್ಕೂ ಹೆಚ್ಚು ಟನ್ನಿನ ಎರಕದ ಕಬ್ಬಿಣದ ತೊಲೆ ಮುರಿದು, ಅರ್ಧ ನೇರ ಬಾವಿಗೇ ಬಿತ್ತು. ಅಡ್ಡಗೋಡೆ ಚೂರಾಗಿ ಬಾವಿ ಮುಚ್ಚಿಹೋಯಿತು. ಒಳಗಿದ್ದವರನ್ನು ತಲುಪಲು ಆರು ದಿನ ಬೇಕಾಯಿತು. ಅಷ್ಟರಲ್ಲಿ ಎಲ್ಲರೂ ವಿಷಗಾಳಿಗೆ ಸತ್ತಿದ್ದರು. ಗಂಡಸರು, ಹುಡುಗರು ಸೇರಿ ಒಟ್ಟು 204 ಜೀವ. ಗಣಿಗೆ ಎರಡು ದಾರಿ ಇರಲೇಬೇಕು ಎಂಬ ಕಾನೂನು ಬಂದದ್ದು ಅದಾದ ಮೇಲೆ, ಅದೇ ವರ್ಷ.

ಹೇಳಿ, ಅಲ್ಲಿ ಯಾವ ಕೂಲಿಯವನು ಜಾಲರಿ ತೆಗೆದಿದ್ದ?